ರೇಡಿಯೋ ಕೆಡಿಸುತ್ತಿದ್ದವಳು

ನೆನೆದ ಕಂಬಳಿಯ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಬೇರೆಯವರಿಗೆ ಆ ವಾಸನೆಯಿಂದ ಅಜ್ಜನೋ ಅಜ್ಜಿಯೋ ನೆನಪಾಗಬಹುದು. ನನಗೆ ನೆನಪಾಗುವುದು ಹೋದ ಮಾನ. ಕಳೆದ ತಿಂಗಳು ಕುರಿಗಳಿಗೆ ಲಸಿಕೆ ಹಾಕಲು ಜನ ಸಾಲದೆ ಮಧುಗಿರಿಯಿಂದ ನನ್ನನ್ನು ಹುಲಿಕುಂಟೆ ಕಡೆಗೆ ಕಳಿಸಿದರು. ಬೇರೆ ಯಾರನ್ನಾದರೂ ಕಳಿಸಿ ಸಾರ್ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಯಾಕಮ್ಮ ಅಂತ ಕೇಳಿದರೆ ಏನು ಹೇಳಲಿ? ಬಾಯಿ ಮುಚ್ಚಿಕೊಂಡು ಜೀಪು ಹತ್ತಿದೆ. ಶಿರಾ ದಾಟುತ್ತಿದ್ದ ಹಾಗೆ ಮಳೆ ಹಿಡಿಯಿತು. ಹುಲಿಕುಂಟೆ ಇನ್ನೇನು ಬಂತು ಅನ್ನುವಾಗ ರಸ್ತೆಗೆ ಅಡ್ಡಲಾಗಿ ಒಂದು ಕುರಿಮಂದೆ, ಅದರ ಹಿಂದೆ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡ ಇಬ್ಬರು ಹೆಂಗಸರು. ಡ್ರೈವರು ಹಾರನ್ನು ಒತ್ತಿದ. ವಾಸನೆ ಕಿಟಕಿಯಿಂದ ಒಳಗೆ ಬಂತು, ನಾನು ಸೆರಗು ಸರಿ ಮಾಡಿಕೊಂಡೆ, ಯಾರೋ ನನ್ನನ್ನೇ ನೋಡುತ್ತಿದ್ದಾರೆ ಅನ್ನುವ ಹಾಗೆ.

ಆ ಊರಿಗೆ ನಾನು ಮೊದಲು ಹೋದದ್ದು ಅಡಗಿಕೊಳ್ಳಲಿಕ್ಕೆ. ನಮ್ಮೂರು ಕೊರಟಗೆರೆ. ಮಧುಗಿರಿಯ ಒಬ್ಬ ಹುಡುಗನ ಜೊತೆ ನನ್ನ ನಿಶ್ಚಿತಾರ್ಥ ಆಗಿತ್ತು. ನಾನೇ ಮೆಚ್ಚಿದ ಹುಡುಗ, ಮನೆಯವರನ್ನು ನಾನೇ ಒಪ್ಪಿಸಿದ್ದೆ. ಛತ್ರ ಗೊತ್ತಾಗಿತ್ತು, ಅಮ್ಮ ಸೀರೆ ತೆಗೆದಿಟ್ಟಿದ್ದಳು. ಆಮೇಲೆ ಹುಡುಗ ಫೋನು ಎತ್ತುವುದನ್ನು ಬಿಟ್ಟ. ಜಗಳವಿಲ್ಲ, ಕಾರಣವಿಲ್ಲ. ಬೆಲ್ಲು ಹೊಡೆಯುತ್ತಿತ್ತು, ಎತ್ತುತ್ತಿರಲಿಲ್ಲ, ಅಷ್ಟೇ. ಕೊನೆಗೆ ಅವನ ಸೋದರಮಾವ ಮನೆಗೆ ಬಂದು, ಹುಡುಗನಿಗೆ ಮನಸ್ಸಿಲ್ಲವಂತೆ ಅಂತ ಹೇಳಿ, ಕಾಫಿ ಕುಡಿದು ಹೋದರು. ಅಂಥ ಮಾತು ಹೇಳಿಯೂ ಆತ ಲೋಟ ಪೂರ್ತಿ ಖಾಲಿ ಮಾಡಿದನಲ್ಲ ಅನ್ನುವುದು ಅಮ್ಮನಿಗೆ ಬಹಳ ದಿನ ಕೊರೆಯಿತು.

ಕೊರಟಗೆರೆಯಲ್ಲಿ ಆಮೇಲೆ ತಲೆ ಎತ್ತಿಕೊಂಡು ತರಕಾರಿ ತರುವ ಹಾಗೂ ಇರಲಿಲ್ಲ. ಅಯ್ಯೋ ಪಾಪ ಅನ್ನುವವರೇ ಎಲ್ಲ. ಹುಡುಗಿಯಲ್ಲೇ ಏನೋ ಇರಬೇಕು, ಬೆಂಕಿ ಇಲ್ಲದೆ ಹೊಗೆ ಆಡುತ್ತದಾ ಅನ್ನುವವರೂ ಅವರೇ. ನಾನು ಪಶುವೈದ್ಯ ಇಲಾಖೆಯಲ್ಲಿ ಪರೀಕ್ಷಕಿ. ದೊಡ್ಡ ಡಾಕ್ಟರು ಬರುವ ತನಕ ದನ ಕುರಿಗಳಿಗೆ ಸೂಜಿ ಮದ್ದು ನೋಡಿಕೊಳ್ಳುವ ಕೆಲಸ. ಹುಲಿಕುಂಟೆಯ ಕಡೆ ಯಾರೂ ಹೋಗಲು ಒಪ್ಪುತ್ತಿಲ್ಲ ಅಂತ ಗೊತ್ತಾದಾಗ ನಾನೇ ಕೇಳಿ ಹಾಕಿಸಿಕೊಂಡೆ. ಅಲ್ಲಿ ನನ್ನನ್ನು ಕಂಡವರಿಲ್ಲ, ನಿಂತುಹೋದ ಮದುವೆಯ ಹುಡುಗಿ ಅಂತ ಬೆರಳು ತೋರಿಸುವವರಿಲ್ಲ. ಅಲ್ಲಿ ನಾನು ಬರೀ ಡಾಕ್ಟ್ರಮ್ಮ. ಹಾಗೇ ಇರಬೇಕು ಅಂತ ಮನಸ್ಸಿನಲ್ಲೇ ಹಟ ತೊಟ್ಟಿದ್ದೆ. ಯಾರಾದರೂ ಮದುವೆಯ ಮಾತು ತೆಗೆದರೆ ಕುರಿಯ ಹೊಟ್ಟೆಹುಳದ ಮಾತು ತೆಗೆಯುತ್ತಿದ್ದೆ.

ಇನ್ನು ನನ್ನ ಇನ್ನೊಂದು ಗುಟ್ಟು. ಇದನ್ನು ಹೇಳಲು ಮದುವೆಯದ್ದಕ್ಕಿಂತ ಹೆಚ್ಚು ನಾಚಿಕೆ.

ಫೋನಿನಲ್ಲಿ ಕೇಳುವ ಒಂದು ಧಾರಾವಾಹಿ ಇತ್ತು, 'ಹನ್ನೊಂದನೇ ನೌಕೆ' ಅಂತ. ಭೂಮಿ ಬಿಟ್ಟು ಹೊರಟ ಬಾಹ್ಯಾಕಾಶ ನೌಕೆಯ ಕತೆ. ಅದರಲ್ಲಿ ವಿಭವ ಅಂತ ಕ್ಯಾಪ್ಟನ್, ತಾರಿಣಿ ಅಂತ ಎಂಜಿನಿಯರ್ ಹುಡುಗಿ. ಶೋಣ ಅನ್ನುವ ಕೆಂಪು ಗ್ರಹದಲ್ಲಿ ಇಳಿದಾಗ ಏನೋ ಅವಘಡವಾಗಿ ತಾರಿಣಿಯನ್ನು ಅಲ್ಲೇ ಬಿಟ್ಟು ನೌಕೆ ಹಾರಿಬಿಡುತ್ತದೆ. ಮತ್ತೆ ಬರುತ್ತೇನೆ ಅಂತ ವಿಭವ ರೇಡಿಯೋದಲ್ಲಿ ಹೇಳುತ್ತಾನೆ. ಅಲ್ಲಿಗೆ ಆ ಭಾಗ ಮುಗಿಯಿತು. ಮುಂದಿನ ಭಾಗ ಬರಲೇ ಇಲ್ಲ. ಕೇಳುವವರು ಕಮ್ಮಿ ಅಂತ ಮಾಡುವವರು ನಿಲ್ಲಿಸಿಬಿಟ್ಟರು. ಮೂವತ್ತು ದಾಟಿದ ಸರ್ಕಾರಿ ನೌಕರಳು ನಾನು, ಎಮ್ಮೆ ಹಟ್ಟಿಯಲ್ಲಿ ಗಂಜಲ ತುಳಿದುಕೊಂಡು ಓಡಾಡುವವಳು, ಇಲ್ಲದ ಗ್ರಹದಲ್ಲಿ ಇಲ್ಲದ ಹುಡುಗಿ ಒಂಟಿಯಾಗಿ ಉಳಿದಳು ಅಂತ ಊಟ ಬಿಟ್ಟೆ ಅಂದರೆ ನಂಬುತ್ತೀರಾ? ಆ ಧಾರಾವಾಹಿಯ ಕೆಳಗೆ ಜನ ಬೈದು ಬರೆದಿದ್ದರು. ಅದರಲ್ಲಿ ಒಬ್ಬರು, "ನಾನು ಶಿರಾದಲ್ಲಿ ಬ್ಲೌಸ್ ಹೊಲಿಯೋಳು. ಒಂದು ತೋಳು ಹೊಲಿದು ಇನ್ನೊಂದು ಬಿಟ್ಟರೆ ಗಿರಾಕಿ ಸುಮ್ನೆ ಬಿಡ್ತಾರಾ?" ಅಂತ ಕೇಳಿದ್ದರು. ನನಗೆ ನಗು ಬಂತು. ಉತ್ತರ ಬರೆದೆ.

ಹಾಗೆ ಸಿಕ್ಕವರು ನಸ್ರೀನ್ ಆಪಾ. ಇನ್ನೊಬ್ಬ ಪಾವಗಡದ ರಾಮಾಂಜಿ, ಅಲ್ಲಿ ಸೋಲಾರ್ ಪ್ಲಾಂಟಿನಲ್ಲಿ ಕಾವಲು ಕೆಲಸ. ಮೂವರೂ ಸೇರಿ ತೀರ್ಮಾನ ಮಾಡಿದೆವು: ಅವರು ಬಿಟ್ಟರೆ ಬಿಡಲಿ, ಹುಡುಗಿಯನ್ನು ನಾವು ಮನೆಗೆ ಕರೆತರೋಣ. ಫೋನಿನಲ್ಲಿ ಒಂದು ಗುಂಪು ಮಾಡಿದೆವು. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಅಧ್ಯಾಯ ಕಟ್ಟಬೇಕು. ಸರದಿ ದಾಟುವಂತಿಲ್ಲ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಅಳಿಸುವಂತಿಲ್ಲ. ಬೇಡವಾದರೆ ಮುಂದೆ ಏನಾದರೂ ಮಾಡಿ ತಿರುಗಿಸಿಕೊಳ್ಳಬೇಕು. ಆಪಾಗೆ ಹೊಲಿಗೆ ಯಂತ್ರದ ಮುಂದೆ ಕೂತು ಓದಲು ಆಗದು, ರಾಮಾಂಜಿಗೆ ಸುತ್ತು ಹೊಡೆಯುವಾಗ ಓದಲು ಆಗದು. ಅದಕ್ಕೆ ಬರೆದದ್ದನ್ನು ಬಾಯಲ್ಲೇ ಹೇಳಿ ರೆಕಾರ್ಡ್ ಮಾಡಿ ಗುಂಪಿಗೆ ಹಾಕುವುದು ಅಂತಾಯಿತು. ಎಲ್ಲ ಅನಾಹುತಕ್ಕೂ ಅದೇ ಮೂಲ.

ಭಾನುವಾರ ಮಧ್ಯಾಹ್ನ ಮೂವರೂ ಒಟ್ಟಿಗೆ ಫೋನಿನಲ್ಲಿ ಕೂರುತ್ತಿದ್ದೆವು. ಆಪಾ ಕಡೆಯಿಂದ ಯಂತ್ರದ ಸದ್ದು, ರಾಮಾಂಜಿ ಕಡೆಯಿಂದ ಗಾಳಿ, ನನ್ನ ಕಡೆಯಿಂದ ಕುರಿ. ಏನು ಮಾತಾಡುತ್ತಿದ್ದೆವು ಅಂತ ಹೇಳಿದರೆ ನಗುತ್ತೀರಿ. ನೌಕೆಯೊಳಗೆ ತೂಕವೇ ಇಲ್ಲದಿದ್ದರೆ ಮುದ್ದೆ ತೇಲುತ್ತದೋ ಇಲ್ಲವೋ ಅಂತ ಒಂದು ಇಡೀ ಮಧ್ಯಾಹ್ನ ಜಗಳ ಆಗಿತ್ತು. ಮುದ್ದೆ ತೇಲಲಿ ಅಕ್ಕಾ, ಸಾರು ಚೂಡು, ನೋಡು, ಗುಂಡುಗುಂಡಾಗಿ ಮೊಗಕ್ಕೇ ಬರುತ್ತೆ ಅಂತ ರಾಮಾಂಜಿ. ಹಾಗಾದರೆ ಮುದ್ದೆಗೆ ಗುಳಿ ಮಾಡಿ ಸಾರನ್ನು ಒಳಗೇ ತುಂಬಿ ಬಾಯಿ ಮುಚ್ಚಿಬಿಡಿ ಅಂತ ಆಪಾ. ಶೋಣ ಗ್ರಹಕ್ಕೆ ಮಧುಗಿರಿ ಬೆಟ್ಟದಂಥ ಒಂದೇ ಬಂಡೆಯ ಬೆಟ್ಟ ಇಟ್ಟವಳು ನಾನು. ತನ್ನ ಪ್ಲಾಂಟಿನ ಹಾಗೆ ಗ್ರಹದ ಬಯಲಿಗೆಲ್ಲ ಸೋಲಾರ್ ಕನ್ನಡಿ ಹಾಸಿದವನು ರಾಮಾಂಜಿ. ಆ ಗ್ರಹದ ಜೀವಿಗಳು ತೆಲುಗು ಮಾತಾಡಬೇಕು ಅಂತಲೂ ಅವನ ವಾದ. ಯಾಕೋ ಅಂದರೆ, ನಮ್ಮೂರ ಗಡಿ ದಾಟಿ ದೂರ ಹೋದ್ರೆ ಎಲ್ಲಾ ತೆಲುಗೇ ಕದಕ್ಕಾ, ಅಲ್ವಾ ಅಂದ. ನನಗೆ ಆ ಹೊತ್ತು ಬಿಟ್ಟರೆ ವಾರದಲ್ಲಿ ನಗುವ ಹೊತ್ತು ಬೇರೆ ಇರಲಿಲ್ಲ.

ಕತೆ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ನನ್ನ ಸರದಿ ಬಂದಾಗಲೆಲ್ಲ ತಾರಿಣಿಯ ರೇಡಿಯೋ ಕೆಡುತ್ತಿತ್ತು. ರಾಮಾಂಜಿ ತನ್ನ ಸರದಿಯಲ್ಲಿ ಕನ್ನಡಿಗಳಿಂದ ಕರೆಂಟು ಎಳೆದು ಪಾಪ ಅದನ್ನು ರಿಪೇರಿ ಮಾಡುತ್ತಿದ್ದ. ಆಪಾ ನೌಕೆಯನ್ನು ಒಂದಿಷ್ಟು ಹತ್ತಿರ ತರುತ್ತಿದ್ದರು. ಮತ್ತೆ ನನ್ನ ಸರದಿ. ಧೂಳಿನ ಗಾಳಿ ಎದ್ದು ರೇಡಿಯೋ ಕೆಡುತ್ತಿತ್ತು. ರಾಮಾಂಜಿ ರೇಗಿ, ಅಕ್ಕಾ, ನೀನು ರೇಡಿಯೋ ಮೇಲೆ ಏನೋ ಪಗೆ ಇಟ್ಕಂಡಿದೀಯ, ಅಂಥಾ ಸಿಟ್ಟು ಯಾಕೆ ಅನ್ನುತ್ತಿದ್ದ. ಕತೆಗೆ ಬಿಗಿ ಬೇಕಪ್ಪ ಅಂತ ನಾನು ದೊಡ್ಡ ಲೇಖಕಿಯ ಹಾಗೆ ಹೇಳುತ್ತಿದ್ದೆ.

ಆ ವರ್ಷ ಮಳೆ ನಮ್ಮ ಸೀಮೆಗೆ ಅಪರೂಪಕ್ಕೆ ಒಲಿದಿತ್ತು. ಉತ್ತರೆ ಬಂತು, ಹಸ್ತ ಬಂತು, ನಿಲ್ಲಲೇ ಇಲ್ಲ. ಮದಲೂರು ಕೆರೆಗೆ ನೀರು ಬಂದಿದೆಯಂತೆ ಅಂತ ಜನ ಬೈಕಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನೋಡಲು ಹೋಗುತ್ತಿದ್ದರು. ಕಡಲೆಕಾಯಿ ಕೀಳುವ ಹೊತ್ತಿಗೆ ಹೊಲದಲ್ಲಿ ಕಾಲಿಟ್ಟರೆ ಮೊಣಕಾಲು ತನಕ ಕೆಸರು. ಮಳೆಯ ಹಿಂದೆಯೇ ಕುರಿಗಳಿಗೆ ನೀಲಿನಾಲಿಗೆ ರೋಗ ಬಂತು. ಅದು ಸಣ್ಣ ನುಸಿಯಿಂದ ಹರಡುವ ಜಾಡ್ಯ. ಕುರಿಗೆ ಜ್ವರ ಬರುತ್ತದೆ, ತುಟಿ ಊದುತ್ತದೆ, ನಾಲಿಗೆ ನೀಲಿ ತಿರುಗುತ್ತದೆ, ಕಾಲು ಎಳೆಯುತ್ತದೆ, ಮೇವು ಮುಟ್ಟುವುದಿಲ್ಲ. ಯಾವ ಮಂದೆ ಎಲ್ಲಿ ತಂಗಿದೆ, ಯಾವತ್ತು ಎಲ್ಲಿಗೆ ಲಸಿಕೆ ತರುತ್ತೇನೆ ಅಂತ ತಿಳಿಸಲು ನಾನು ಕುರಿಯವರದ್ದೂ ಒಂದು ಗುಂಪು ಮಾಡಿದ್ದೆ. ಅವರಲ್ಲಿ ಓದು ಬಾರದವರು ಹೆಚ್ಚು, ಆದ್ದರಿಂದ ಅದಕ್ಕೂ ಬಾಯಲ್ಲೇ ಹೇಳಿ ಕಳಿಸುವುದು. ನನ್ನ ದನಿ ಬಂತು ಅಂದರೆ ಹೊಲದಲ್ಲಿ ಎಲ್ಲರೂ ಸುತ್ತ ನಿಂತು ಗಟ್ಟಿಯಾಗಿ ಹಾಕಿಕೊಂಡು ಕೇಳುತ್ತಿದ್ದರು. ನನಗೆ ಅದೊಂದು ಹೆಮ್ಮೆ.

ಎರಡು ಗುಂಪಿಗೂ ಅದೇ ದನಿ, ಅದೇ ಫೋನು, ಅದೇ ಹೆಬ್ಬೆರಳು. ಮುಂದೆ ಏನಾಯಿತು ಅಂತ ಬಿಡಿಸಿ ಹೇಳಬೇಕೇ?

ಒಂದು ಬೆಳಿಗ್ಗೆ ಔಷಧದ ಪೆಟ್ಟಿಗೆಗೆ ಐಸು ತುಂಬುವ ಮುಂಚೆ ನನ್ನ ಅಧ್ಯಾಯ ರೆಕಾರ್ಡ್ ಮಾಡಿದೆ. ಆ ಸಲ ನೌಕೆಯ ಸುದ್ದಿಯೇ ಇರಲಿಲ್ಲ, ಬರೀ ತಾರಿಣಿ ಕೆಟ್ಟ ರೇಡಿಯೋ ಹಿಡಿದು ಮಾತಾಡುವುದು. "ವಿಭವ, ಕೇಳಿಸ್ತಾ ಇದೆಯಾ? ಎತ್ತು. ಒಂದು ಸಲ ಎತ್ತು. ನಾನು ಬೈಯಲ್ಲ. ಯಾಕೆ ಬಿಟ್ಟು ಹೋದೆ ಅಂತ ಕೇಳಲ್ಲ. ಇಲ್ಲಿ ಎರಡು ಚಂದ್ರ ಇದಾವೆ, ತೋರಿಸೋಕೆ ಯಾರೂ ಇಲ್ಲ. ನನ್ನಲ್ಲಿ ಏನು ಕಮ್ಮಿ ಇತ್ತು, ಅದನ್ನಾದ್ರೂ ಹೇಳು." ಮುಗಿಸಿ ಒಂದು ಸಲ ಹಾಕಿಕೊಂಡು ಕೇಳಿದೆ. ಆಹಾ, ಎಷ್ಟು ಚೆನ್ನಾಗಿ ಬಂತು ಅಂದುಕೊಂಡೆ. ಕಳಿಸಿದೆ, ಫೋನನ್ನು ಬ್ಯಾಗಿಗೆ ಹಾಕಿದೆ, ಹೊರಟೆ.

ಅವತ್ತು ಹೋದ ಕಡೆಯಲ್ಲೆಲ್ಲ ಏನೋ ಬೇರೆಯಾಗಿತ್ತು. ಕುರಿ ಹಿಡಿಯುವ ಗಂಡಸರು ನನ್ನ ಮುಖ ನೋಡದೆ ನೆಲ ನೋಡಿದರು. ಯಾವತ್ತೂ ಇಲ್ಲದ್ದು ಒಬ್ಬರು ಕುರ್ಚಿ ತಂದು ಹಾಕಿದರು. ಒಬ್ಬ ಹೆಂಗಸು ಕೇಳದೆಯೇ ಹಾಲು ಕಾಯಿಸಿ ತಂದು, ಕುಡೀಯಮ್ಮ, ಮೈಯಾಗೆ ಸಕ್ತಿ ಇರ್ಬೇಕು ಅಂದಳು. ಲಸಿಕೆಯಿಂದ ರೋಗ ಹತೋಟಿಗೆ ಬಂತಲ್ಲ, ಅದಕ್ಕೇ ಇಷ್ಟು ಗೌರವ ಅಂತ ನಾನು ಉಬ್ಬಿದೆ. ಸಂಜೆ ಹಾಲಿನ ಡೈರಿಯ ಹತ್ತಿರ ಬಂದಾಗ ಜಗುಲಿಯ ಮೇಲೆ ಐದಾರು ಜನ ಒಂದು ಫೋನಿನ ಮೇಲೆ ಬಗ್ಗಿದ್ದರು. ಅದರೊಳಗಿಂದ ನಾನು ಮಾತಾಡುತ್ತಿದ್ದೆ. ಎತ್ತು, ಒಂದು ಸಲ ಎತ್ತು ಅಂತ ಅಂಗಲಾಚುತ್ತಿದ್ದೆ.

ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಅದು ಮಾತಿಗೆ ಹೇಳುವುದಲ್ಲ. ನಿಜವಾಗಿ ನೆಲದ ಕಡೆ ನೋಡಿದೆ. ನಗುತ್ತಿದ್ದವರು ಇಬ್ಬರೇ. ಉಳಿದವರು ನಗುತ್ತಿರಲಿಲ್ಲ, ಅದು ಇನ್ನೂ ಕಷ್ಟ. ಡೈರಿಯ ಕಾರ್ಯದರ್ಶಿ ಸಿದ್ದಲಿಂಗಪ್ಪ ಗಡಿಬಿಡಿಯಿಂದ ಫೋನನ್ನು ಅಂಗಿ ಜೇಬಿಗೆ ತುರುಕಿಕೊಂಡ. ಜೇಬಿನೊಳಗಿಂದಲೂ ನನ್ನ ದನಿ, ನನ್ನಲ್ಲಿ ಏನು ಕಮ್ಮಿ ಇತ್ತು ಅಂತ ಕೇಳಿ ನಿಂತಿತು. ಅದು ಕತೆ ಅಂದೆ. ನೌಕೆ, ಗ್ರಹ, ತಾರಿಣಿ ಎಲ್ಲ ಹೇಳಿದೆ. ಜ್ವರ ಬಂದವರ ಮಾತಿಗೆ ಹೂಂ ಅನ್ನುವ ಹಾಗೆ ಎಲ್ಲರೂ ಹೂಂ ಅಂದರು. ಸಿನಿಮಾನಾ ಮೇಡಂ ಅಂತ ಒಬ್ಬ ಕೇಳಿದ. ಅಲ್ಲ, ಕೇಳೋ ಧಾರಾವಾಹಿ, ಅದು ನಿಂತುಹೋಗಿದೆ, ನಾವು ನಾವೇ ಮುಂದುವರಿಸ್ತೀವಿ ಅಂದೆ. "ನಿಂತೋಗಿದ್ದುನ್ನ ಯಾಕ್ ಮೇಡಂ ಮುಂದುವರ್ಸೋದು?" ಅಂತ ಸಿದ್ದಲಿಂಗಪ್ಪ ಕೇಳಿದ. ಕುಹಕದಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ. ನಾನು ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಗೆ ಬಂದು, ಕುರಿಯವರ ಗುಂಪಿಗೆ ಹೋಗಿದ್ದ ಆ ಮೆಸೇಜನ್ನು ಅಳಿಸಿದೆ, ಅಷ್ಟರಲ್ಲಿ ಅದು ಹೋಬಳಿ ಸುತ್ತಿ ಬಂದಿತ್ತು.

ಆಮೇಲಿನ ದಿನಗಳನ್ನು ಏನಂತ ಹೇಳಲಿ? ಪಡ್ಡೆ ಹುಡುಗರು ಬೈಕಿನಲ್ಲಿ ಪಕ್ಕದಿಂದ ಹೋಗುವಾಗ ವಿಭವಾ ಅಂತ ರಾಗ ಎಳೆಯುತ್ತಿದ್ದರು. ಅದನ್ನು ತಡೆದುಕೊಂಡೆ. ತಡೆಯಲಾಗದ್ದು ಮರುಕ. ಮೀಸೆ ಹಣ್ಣಾದ ಒಬ್ಬ ಕುರಿಗಾರರು ಗುಂಪಿನಿಂದ ಈಚೆ ಕರೆದು, ಆ ಹುಡುಗ ಯಾವೂರೋನು ಅಂತ ಬರೀ ಹೇಳಮ್ಮ, ನಾವು ನಾಕು ಜನ ಹೋಗಿ ಬುದ್ಧಿ ಹೇಳಿ ಬರ್ತೀವಿ ಅಂದರು. ಕೊರಟಗೆರೆಯಲ್ಲಿ ಬಿಟ್ಟು ಓಡಿಬಂದದ್ದು ನನ್ನ ಹೆಗಲ ಮೇಲೇ ಕೂತು ಇಲ್ಲಿಗೂ ಬಂದಿತ್ತು. ಕತೆ ಅಂದರೆ ಹುಚ್ಚಿ ಅನ್ನಿಸಿಕೊಳ್ಳಬೇಕು, ನಿಜ ಅಂದರೆ ಹುಡುಗ ಬಿಟ್ಟವಳು ಅನ್ನಿಸಿಕೊಳ್ಳಬೇಕು. ನಾನು ಹುಚ್ಚಿಯನ್ನೇ ಆರಿಸಿಕೊಂಡೆ. ಸಿಕ್ಕವರಿಗೆಲ್ಲ, ಕೇಳಲಿ ಬಿಡಲಿ, ಅದು ಕತೆ, ಬರೀ ಕತೆ ಅಂತ ಹೇಳುತ್ತಾ ತಿರುಗಿದೆ.

ಕರಿಯಮ್ಮನವರ ಟಗರಿಗೆ ರೋಗ ಬಂದದ್ದು ಆ ವಾರವೇ. ಕರಿಯಮ್ಮ ಎಪ್ಪತ್ತರ ಹತ್ತಿರದ ಮುದುಕಿ. ಮಂದೆಯ ಜೊತೆ ಹೊಲದಿಂದ ಹೊಲಕ್ಕೆ ಇನ್ನೂ ನಡೆಯುತ್ತಿದ್ದರು. ಹೋದಾಗ ಹಸ್ತದ ಮಳೆ ಹನಿಯುತ್ತಿತ್ತು. ಟಗರಿನ ತುಟಿ ಊದಿ ಜೊಲ್ಲು ಇಳಿಯುತ್ತಿತ್ತು. ಬಾಯಿ ತೊಳೆದು ಸೂಜಿ ಚುಚ್ಚಿದೆ. ರಾಗಿ ಗಂಜಿ ತೆಳ್ಳಗೆ ಮಾಡಿ ಕುಡಿಸಿ, ಬೇವಿನ ಸೊಪ್ಪಿನ ಹೊಗೆ ಹಾಕಿ ಅಂದೆ. ಅಷ್ಟರಲ್ಲಿ ಮಳೆ ಜೋರಾಯಿತು. ಮರ ದೂರ ಇತ್ತು. ಕರಿಯಮ್ಮ ತಮ್ಮ ಕಂಬಳಿಯನ್ನು ನನ್ನ ತಲೆಯ ಮೇಲೂ ಎಳೆದುಕೊಂಡರು. ಇಬ್ಬರೂ ಕುಕ್ಕರಗಾಲಿನಲ್ಲಿ ಅದರೊಳಗೆ ಕೂತೆವು. ಮೂಗಿನ ತುಂಬ ಆ ವಾಸನೆ. ಎದ್ದು ಓಡುವ ಹಾಗೂ ಇಲ್ಲ.

"ಅವ್ನು ಎತ್ತಿದ್ನೇನಮ್ಮ?" ಅಂತ ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಅದು ಕತೆ ಅಜ್ಜಿ, ಬರೀ ಕತೆ. ನಂಗೇನೂ ಆಗಿಲ್ಲ" ಅಂದೆ. ಎಷ್ಟು ಒರಟಾಗಿ ಅಂದೆ ಅಂದರೆ ಟಗರು ತಲೆ ಎತ್ತಿತು.

ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. "ಕತೆನೇ ಅನ್ನು. ಎಲ್ಡು ಚಂದ್ರ ಅಂತಿದ್ದಲ್ಲ, ಜ್ವರಗಿರ ಇತ್ತೇನೋ ಅಂದ್ಕಂಡಿದ್ದೆ." ಕಂಬಳಿಯ ಅಂಚು ಎಳೆದುಕೊಂಡು, "ಕತೆಲೇ ಆಗ್ಲಿ ಕಣಮ್ಮ, ಹೆಣ್ಮಗೂನ ಅಲ್ಲಿ ಒಂಟಿ ಕುಂಡ್ರಿಸಿ ಬಂದ್ಬುಟ್ರೆ ಹೆಂಗೆ? ಜತೆಗೊಂದು ಕುರಿನಾದ್ರೂ ಕೊಡು" ಅಂದರು.

"ಆ ಗ್ರಹದಲ್ಲಿ ಹುಲ್ಲಿಲ್ಲ ಅಜ್ಜಿ."

"ಈ ವರ್ಸ ಬುಟ್ರೆ ಇಲ್ಲಿ ಮಾತ್ರ ಎಲ್ಲಿತ್ತು?"

ನಗಬೇಕಾಗಿತ್ತು, ನಗು ಬರಲಿಲ್ಲ. ಮಳೆ ನಿಲ್ಲುವ ತನಕ ಕಂಬಳಿಯ ಅಂಚಿನಿಂದ ಹನಿ ಬೀಳುವುದನ್ನು ನೋಡಿಕೊಂಡು ಕೂತಿದ್ದೆ. ನಿಂತ ಕೂಡಲೇ ಪೆಟ್ಟಿಗೆ ಎತ್ತಿಕೊಂಡು ಹೊರಟೆ, ಹೋಗಿ ಬರ್ತೀನಿ ಅಂತಲೂ ಹೇಳಲಿಲ್ಲ.

ಆ ಭಾನುವಾರ ನಾನು ಗುಂಪಿಗೆ ಬರಲಿಲ್ಲ, ಮುಂದಿನ ಭಾನುವಾರವೂ ಇಲ್ಲ. ಕೊನೆಗೆ ಶಿರಾಗೆ ಮೀಟಿಂಗಿಗೆ ಹೋದಾಗ ಆಪಾ ಅಂಗಡಿಗೆ ಹೋದೆ. ನಡೆದದ್ದೆಲ್ಲ ಹೇಳಿದೆ, ತಾರಿಣಿ ಆಡಿದ ಮಾತುಗಳ ಸಮೇತ ನಗಾಡಿಕೊಂಡೇ ಹೇಳಿದೆ. ಈ ಊರಿನ ಜನಕ್ಕೆ ಕತೆ ಯಾವುದು ನಿಜ ಯಾವುದು ಗೊತ್ತಾಗಲ್ಲ ಆಪಾ ಅಂತ ಆಡಿಕೊಂಡೆ. ಜಟ್ಟಿ ಕೆಳಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ನಾನು. ಆಪಾ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಡಬ್ಬಿಗೆ ಹಾಕಿದರು.

"ಬೇಟಾ, ರಾಮಾಂಜಿ ಎಷ್ಟು ಸಲ ರೇಡಿಯೋ ಸರಿ ಮಾಡಿದ. ಅಷ್ಟು ಸಲಾನೂ ನೀನೇ ಕೆಡಿಸ್ದೆ. ಆ ಕ್ಯಾಪ್ಟನ್ ಉತ್ತರ ಕೊಡೋಕೆ ನೀನು ಬಿಡಲೇ ಇಲ್ಲ. ಯಾಕೆ? ಮಾತಾಡಿದ್ರೆ ಏನು ಹೇಳ್ತಾನೋ ಅಂತ ಹೆದರಿಕೆ. ಇದು ನಿಂದೇ ಕತೆ ಅಂತ ನಮಗೂ ಮೊದಲೇ ಗೊತ್ತಿತ್ತು. ಎಂಜಿನಿಯರ್ ಹುಡುಗಿ ಬ್ಯಾಟರಿ ಎಷ್ಟಿದೆ, ಗಾಳಿ ಎಷ್ಟಿದೆ ಅಂತ ಕೇಳ್ತಾಳೆ. ನನ್ನಲ್ಲಿ ಏನು ಕಮ್ಮಿ ಅಂತ ಕೇಳ್ತಾಳಾ?"

ಅಂಗಡಿಯಲ್ಲಿ ಬ್ಲೌಸು ಅಳತೆ ಕೊಡಲು ಬಂದ ಇಬ್ಬರು ಹೆಂಗಸರು ಕೂತಿದ್ದರು. ಅವರ ಮುಂದೆಯೇ ನಾನು ಎದ್ದು ಹೊರಗೆ ಬಂದೆ. ಬಸ್ ಸ್ಟ್ಯಾಂಡಿನವರೆಗೆ ನಡೆಯುವಾಗ ಮೈಮೇಲೆ ಬಟ್ಟೆ ಇಲ್ಲವೇನೋ ಅನ್ನಿಸುತ್ತಿತ್ತು. ಕುರಿಯವರಿಗೆ ಗೊತ್ತಾಗಿತ್ತು, ಆಪಾಗೆ ಗೊತ್ತಿತ್ತು, ಪಾವಗಡದಲ್ಲಿ ಕನ್ನಡಿ ಕಾಯುವವನಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ತಾರಿಣಿಯ ಬಾಯಲ್ಲಿ ನಾನು ಅಷ್ಟು ದಿನವೂ ಮಧುಗಿರಿಗೆ ಫೋನು ಮಾಡುತ್ತಿದ್ದೆ. ಹನ್ನೊಂದನೇ ನೌಕೆಯನ್ನು ಮಾಡಿದವರನ್ನು ಬೈದೆ, ನನ್ನನ್ನು ನಾನು ಬೈದುಕೊಂಡೆ, ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಅಲ್ಲಿಂದಾಚೆ ಬರೆಯಲಿಲ್ಲ. ಸರದಿ ನನ್ನದೇ, ನಾನು ಬರುವ ತನಕ ಮುಂದಕ್ಕೆ ಹೋಗುವುದಿಲ್ಲ ಅಂತ ಅವರಿಬ್ಬರೂ ನಿಂತರು. ರಾಮಾಂಜಿ ಒಂದೇ ಒಂದು ಸಲ, ರೇಡಿಯೋ ಸರಿ ಮಾಡಿಟ್ಟಿದೀನಿ ಅಕ್ಕಾ, ಬಾ ಅಂತ ಹೇಳಿ ಕಳಿಸಿದ. ಕೇಳಿದೆ, ಉತ್ತರ ಕೊಡಲಿಲ್ಲ. ನನಗೆ ಒಬ್ಬ ಮಾಡಿದ್ದನ್ನು ನಾನು ಇನ್ನೊಬ್ಬನಿಗೆ ಮಾಡುತ್ತಿದ್ದೇನೆ ಅಂತ ಹೊಳೆದದ್ದೂ ಆಗಲೇ. ಹೊಳೆದರೂ ಕೈ ಫೋನಿಗೆ ಹೋಗಲಿಲ್ಲ.

ಬೇಸಿಗೆಯ ಹೊತ್ತಿಗೆ ವರ್ಗ ಕೇಳಿ ಹಾಕಿಸಿಕೊಂಡೆ. ಸಿಕ್ಕಿದ್ದು ಮಧುಗಿರಿಯೇ, ನೋಡಿ ವಿಧಿಯ ತಮಾಷೆ. ಹೊರಡುವ ದಿನ ಕರಿಯಮ್ಮ ಬಂದರು. ಬದುಕಿ ಉಳಿದ ಆ ಟಗರು ಈಗ ಹೆಂಗೆ ಗುದ್ದುತ್ತದೆ ಅಂತ ಹೇಳಿ ನಕ್ಕರು. ಆಮೇಲೆ ಬಾಗಿಲಲ್ಲಿ ನಿಂತು, ಆ ಹುಡ್ಗಿ ಮನೇಗ್ ಬಂದ್ಲೇನಮ್ಮ ಅಂತ ಕೇಳಿದರು. ಮಾತು ಬೆಳೆಸುವುದು ಬೇಡ ಅಂತ, ಬಂದಳು ಅಜ್ಜಿ ಅಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಬುಡು, ಒಳ್ಳೇದಾಯ್ತು ಅಂದರು. ನಂಬಲಿಲ್ಲ ಅಂತ ನನಗೆ ಗೊತ್ತಾಯಿತು.

ಮಧುಗಿರಿಯಲ್ಲಿ ಮೊದಮೊದಲು ಆ ಹುಡುಗನ ಬೀದಿ ತಪ್ಪಿಸಿ ನಡೆಯುತ್ತಿದ್ದೆ. ಈಗ ಅದರಲ್ಲೇ ನಡೆಯುತ್ತೇನೆ. ಒಂದು ದಿನ ಎದುರಿಗೇ ಸಿಕ್ಕ, ಹೊಟ್ಟೆ ಬಂದಿತ್ತು, ಕೈಯಲ್ಲಿ ಕರಿಬೇವಿನ ಕಟ್ಟು ಇತ್ತು. ಏನೂ ಅನ್ನಿಸಲಿಲ್ಲ. ಅವನ ವಿಷಯದಲ್ಲಿ ನನಗೆ ಈಗ ನಾಚಿಕೆ ಉಳಿದಿಲ್ಲ. ಹುಲಿಕುಂಟೆಯ ವಿಷಯದಲ್ಲಿ ಮಾತ್ರ ಉಳಿದಿದೆ.

ಕಳೆದ ತಿಂಗಳು ಜೀಪು ನಿಂತದ್ದು ಕರಿಯಮ್ಮನವರ ಸೊಸೆ ರತ್ನಮ್ಮನ ಮಂದೆಯ ಹತ್ತಿರವೇ. ರಸ್ತೆಗೆ ಅಡ್ಡ ಬಂದ ಇಬ್ಬರಲ್ಲಿ ಒಬ್ಬರು ಅವರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಅತ್ತೆ ಹೋದ ವರ್ಷ ಹೋಗ್ಬುಟ್ರು ಡಾಕ್ಟ್ರಮ್ಮ ಅಂದರು. ನಾನು ಪೆಟ್ಟಿಗೆ ಬಿಚ್ಚಿದೆ. ಅವರು ಕುರಿಗಳನ್ನು ಒಂದೊಂದಾಗಿ ಹಿಡಿದು ಕೊಡುತ್ತಾ ಹೋದರು, ನಾನು ಚುಚ್ಚುತ್ತಾ ಹೋದೆ. ನಡುವೆ ಅವರೇ ಮಾತು ತೆಗೆದರು. ನೀವು ಕಳಿಸಿದ್ದ ಆ ಹುಡ್ಗಿ ಕತೇನ ನಮ್ಮತ್ತೆ ಸಾಯೋ ಗಂಟ ಹೇಳೋರು ಅಂದರು. ಉಣ್ಣೆ ಬಿಡಿಸುವಾಗ, ಕಳೆ ಕೀಳುವಾಗ, ಹೆಂಗಸರೆಲ್ಲ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದರಂತೆ.

ಕರಿಯಮ್ಮನವರ ಕತೆಯಲ್ಲಿ ಎರಡು ಚಂದ್ರ ಇದ್ದವು. ಹುಡುಗಿ ಒಂಟಿಯಾಗಿದ್ದಳು. ಬಂಡೆಯ ಸಂದಿಯಲ್ಲಿ ಅವಳಿಗೆ ಒಂದು ಕುರಿ ಸಿಕ್ಕಿತು, ಗಬ್ಬದ ಕುರಿ. ಅದು ಮರಿ ಹಾಕಿತು, ಮರಿ ಮಂದೆಯಾಯಿತು. ಹುಡುಗಿ ಆ ರೇಡಿಯೋವನ್ನು ಮರಿಗಳು ತುಳಿಯದ ಹಾಗೆ ಗೂಟಕ್ಕೆ ನೇತುಹಾಕಿದಳು. ಎಷ್ಟೋ ದಿನದ ಮೇಲೆ ಬಿಟ್ಟು ಹೋದವನು ಹುಡುಕಿಕೊಂಡು ಬಂದು, ಏಳು ಹೋಗೋಣ ಅಂದ. ಸಣ್ಣ ಮರಿಗಳು ಇನ್ನೂ ಹಾಲು ಬಿಟ್ಟಿಲ್ಲ, ಬಿಡೋ ಗಂಟ ಆಚೆ ಕುಂತಿರು ಅಂದಳು ಅವಳು. ಅವನು ಇನ್ನೂ ಕುಂತವ್ನೆ ಅಂತ ಹೇಳಿ ಅತ್ತೆ ನಗುತ್ತಿದ್ದರು ಅಂತ ರತ್ನಮ್ಮ ತಾವೂ ನಕ್ಕರು.

ನಾನೂ ನಕ್ಕೆ. ನಗುತ್ತಲೇ, ಆ ಹುಡುಗಿ ಯಾರು ಅಂತ ಹೇಳೋರು ಅಜ್ಜಿ ಅಂತ ಕೇಳಿದೆ. ಯಾಕೆ ಕೇಳಿದೆನೋ.

ರತ್ನಮ್ಮ ಕೈಯಲ್ಲಿದ್ದ ಕುರಿಯನ್ನು ಬಿಟ್ಟು ಕಂಬಳಿ ಸರಿ ಮಾಡಿಕೊಂಡರು. "ಕೇಳೋರು ಕೇಳೋರು, ಇದು ಆ ಡಾಕ್ಟ್ರಮ್ಮನ್ದೇ ಅಲ್ವಾ, ಆಯಮ್ಮನ್ನ ಯಾರೋ ಬುಟ್ಟಿದ್ರಂತಲ್ಲ ಅಂತ. ಅತ್ತೆ ಅಂಥೋರ್ಗೆ ಬಯ್ಯೋರು. ಅದು ಕತೆ ಕಣ್ರೇ, ಬರೀ ಕತೆ, ಆಯಮ್ಮಂಗೇನೂ ಆಗಿಲ್ಲ ಅನ್ನೋರು. ಸಾಯೋ ಗಂಟ ಅದೊಂದೇ ಮಾತು."

ಕಂಬಳಿಯ ಕೆಳಗೆ ನಾನು ಒರಟಾಗಿ ಅಂದ ಮಾತು ಅದು. ತಾವೇ ನಂಬದ ಮಾತನ್ನು ಆ ಮುದುಕಿ ನನಗೋಸ್ಕರ ಅಷ್ಟು ವರ್ಷ ಹೊತ್ತು ತಿರುಗಿದ್ದರು. ನನಗೆ ಹೋಗಿ ಬರ್ತೀನಿ ಅನ್ನುವ ಸೌಜನ್ಯವೂ ಇರಲಿಲ್ಲ. ಔಷಧ ಎಳೆದುಕೊಳ್ಳಲು ಹೋಗಿ, ಖಾಲಿಯಾಗಿದ್ದ ಸೀಸೆಗೇ ಸೂಜಿ ಚುಚ್ಚಿದೆ. ರತ್ನಮ್ಮ ಅದನ್ನು ನೋಡಿದರು.

"ಆಗಿತ್ತು ಅಲ್ವಾ ಡಾಕ್ಟ್ರಮ್ಮ?" ಅಂತ ಮೆಲ್ಲಗೆ ಕೇಳಿದರು.

"ಆಗಿತ್ತು" ಅಂದೆ.

ರತ್ನಮ್ಮ ಹೂಂ ಅಂತ ತಲೆ ಆಡಿಸಿ, ಮುಂದಿನ ಕುರಿಯನ್ನು ಎಳೆದು ನನ್ನ ಮುಂದೆ ಹಿಡಿದರು.